ಮೂರೇ ಕೌಂಟಿ, ಮೂರು ವೇಗ: ಡೆಲವೇರ್ ಜನಸಂಖ್ಯೆಯ ಒಂದು ಪ್ರಕರಣ ಅಧ್ಯಯನ

2020ರ ಜನಗಣತಿಯಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಜನಸಂಖ್ಯೆ 9,89,948. ಹತ್ತು ಲಕ್ಷಕ್ಕೆ ಹತ್ತು ಸಾವಿರ ಚಿಲ್ಲರೆ ಕಡಿಮೆ. 2010ರಲ್ಲಿ ಅದು 8,97,934 ಇತ್ತು. ಹತ್ತು ವರ್ಷದಲ್ಲಿ ಶೇ. 10.2ರಷ್ಟು ಬೆಳವಣಿಗೆ. ಇಡೀ ಅಮೆರಿಕ ಅದೇ ಹತ್ತು ವರ್ಷದಲ್ಲಿ ಬೆಳೆದದ್ದು ಶೇ. 7.4. ಹಾಗಾಗಿ "ಡೆಲವೇರ್ ಚೆನ್ನಾಗಿ ಬೆಳೆಯುತ್ತಿದೆ" ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು.

ಆದರೆ ಶೇ. 10.2ರ ವೇಗದಲ್ಲಿ ಬೆಳೆದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಆ ರಾಜ್ಯದಲ್ಲಿ ಒಂದೂ ಇಲ್ಲ. ಇರುವುದೇ ಮೂರು ಕೌಂಟಿ. ಉತ್ತರದ ನ್ಯೂ ಕ್ಯಾಸಲ್ ಬೆಳೆದದ್ದು ಶೇ. 6. ನಡುವಿನ ಕೆಂಟ್ ಶೇ. 12. ದಕ್ಷಿಣದ ಸಸೆಕ್ಸ್ ಶೇ. 20.4. ರಾಜ್ಯದ ಸರಾಸರಿ ಈ ಮೂರರಲ್ಲಿ ಯಾವುದರ ಕಥೆಯನ್ನೂ ಹೇಳುವುದಿಲ್ಲ. ಮೂರೇ ತುಂಡಿರುವ ರಾಜ್ಯದಲ್ಲೇ ಹೀಗಾದರೆ, ನೂರಾರು ಕೌಂಟಿ ಇರುವ ಟೆಕ್ಸಾಸ್‌ನಂಥ ಕಡೆ ಸರಾಸರಿಯನ್ನು ಎಷ್ಟು ನಂಬಬಹುದು ಅಂತ ಯೋಚಿಸಿ. ಡೆಲವೇರನ್ನು ಪ್ರಕರಣವಾಗಿ ಆರಿಸಿಕೊಂಡದ್ದು ಇದಕ್ಕೇ. ಇಲ್ಲಿ ಎಲ್ಲ ಅಂಕಿಗಳನ್ನೂ ಒಬ್ಬರೇ ಕೂತು ಕೂಡಿ ಕಳೆದು ನೋಡಬಹುದು.

ನಾನು ಹೇಳಹೊರಟಿರುವುದು ಇಷ್ಟು: ಒಂದು ಕೌಂಟಿ ಎಷ್ಟು ಬೆಳೆಯಿತು ಅನ್ನುವುದಕ್ಕಿಂತ, ಯಾರು ಬಂದು ಸೇರಿದ್ದರಿಂದ ಬೆಳೆಯಿತು ಅನ್ನುವುದು ಅಲ್ಲಿನ ತೆರಿಗೆ, ಶಾಲೆ, ಆಸ್ಪತ್ರೆಗಳ ಹಣೆಬರಹ ಬರೆಯುತ್ತದೆ. ಸಸೆಕ್ಸ್ ಇದಕ್ಕೆ ಸಾಕ್ಷಿ.

ಜಾಗದ ಪರಿಚಯ

ಡೆಲವೇರ್‌ನ ನೆಲ ಸುಮಾರು 5,000 ಚದರ ಕಿಲೋಮೀಟರ್. ನಮ್ಮ ಕೊಡಗಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಉದ್ದಕ್ಕೆ, ಸಣ್ಣಗೆ ಇದೆ. ಮೇಲ್ತುದಿಯಲ್ಲಿ ಫಿಲಡೆಲ್ಫಿಯಾ ಮಹಾನಗರದ ಅಂಚು, ಕೆಳತುದಿಯಲ್ಲಿ ಅಟ್ಲಾಂಟಿಕ್ ಸಮುದ್ರದ ಮರಳು. ನಡುವೆ 1829ರಲ್ಲಿ ತೆರೆದ ಚೆಸಪೀಕ್ ಮತ್ತು ಡೆಲವೇರ್ ಕಾಲುವೆ ರಾಜ್ಯವನ್ನು ಅಡ್ಡಕ್ಕೆ ಕತ್ತರಿಸುತ್ತದೆ. "ಕಾಲುವೆ ಮೇಲೆ", "ಕಾಲುವೆ ಕೆಳಗೆ" ಎಂದೇ ಅಲ್ಲಿಯ ಜನ ಮಾತಾಡುವುದು. ಉತ್ತರದವರು ಕೆಳಗಿನ ಭಾಗವನ್ನು "ಸ್ಲೋವರ್ ಲೋವರ್" (ನಿಧಾನದ ಕೆಳಭಾಗ) ಅಂತ ಛೇಡಿಸುತ್ತಿದ್ದರು. ಈಗ ಕೆಳಗಿನವರೇ ಅದನ್ನು ಟೀ ಶರ್ಟ್, ಸ್ಟಿಕ್ಕರ್ ಮೇಲೆ ಹಾಕಿಕೊಂಡು ಓಡಾಡುತ್ತಾರೆ. ಮೂರು ಕೌಂಟಿ ಇರುವುದು ಸಮುದ್ರ ಇಳಿದಾಗ, ಉಬ್ಬರ ಬಂದಾಗ ಎರಡೇ ಅನ್ನುವ ಹಳೆಯ ಜೋಕೂ ಇದೆ. ತಗ್ಗು ನೆಲ. ಅಮೆರಿಕದ ರಾಜ್ಯಗಳಲ್ಲೇ ಸರಾಸರಿ ಎತ್ತರ ಬಹಳ ಕಡಿಮೆ ಇರುವ ರಾಜ್ಯಗಳಲ್ಲಿ ಇದೂ ಒಂದು.

ವಿಸ್ತೀರ್ಣದ ಲೆಕ್ಕ ಜನರ ಲೆಕ್ಕಕ್ಕೆ ತದ್ವಿರುದ್ಧ. ರಾಜ್ಯದ ಹೆಚ್ಚು ಕಡಿಮೆ ಅರ್ಧ ನೆಲ ಸಸೆಕ್ಸ್‌ನಲ್ಲಿದೆ. 2020ರಲ್ಲಿ ಅಲ್ಲಿದ್ದ ಜನ 2,37,378. ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ನೆಲ ಇರುವ ನ್ಯೂ ಕ್ಯಾಸಲ್‌ನಲ್ಲಿ ಇದ್ದವರು 5,70,719. ಉಳಿದ 1,81,851 ಜನ ಕೆಂಟ್‌ನಲ್ಲಿ.

ಸಮನಾಗಿ ಶುರುವಾದದ್ದು

1790ರಲ್ಲಿ ಅಮೆರಿಕದ ಮೊದಲ ಜನಗಣತಿ ನಡೆಯಿತು. ಡೆಲವೇರ್‌ನಲ್ಲಿ ಆಗ 59,096 ಜನ. ಮೂರು ಕೌಂಟಿಗಳೂ ಹತ್ತಿರ ಹತ್ತಿರ ಸಮ. ಎಲ್ಲಕ್ಕಿಂತ ದೊಡ್ಡದು ಸಸೆಕ್ಸ್, 20,488. ನ್ಯೂ ಕ್ಯಾಸಲ್ 19,688. ಕೆಂಟ್ 18,920. ಎಲ್ಲೆಡೆ ಹೊಲ, ಗದ್ದೆ, ಜೌಗು. ಹೊಲ ಇದ್ದ ಕಡೆ ಜನ.

ಬದಲಾಯಿಸಿದ್ದು ನೀರು ಮತ್ತು ರೈಲು. ಉತ್ತರದಲ್ಲಿ ಬ್ರ್ಯಾಂಡಿವೈನ್ ಹೊಳೆ ಗುಡ್ಡದಿಂದ ರಭಸವಾಗಿ ಇಳಿಯುತ್ತದೆ. ಆ ರಭಸಕ್ಕೆ ಹಿಟ್ಟಿನ ಗಿರಣಿಗಳು ಬಂದವು. 1802ರಲ್ಲಿ ಫ್ರಾನ್ಸಿನಿಂದ ಬಂದ ಡ್ಯುಪಾಂಟ್ ಕುಟುಂಬ ಅದೇ ಹೊಳೆ ದಂಡೆಯಲ್ಲಿ ಮದ್ದಿನಪುಡಿ ಕಾರ್ಖಾನೆ ಹಾಕಿತು. 1838ರಲ್ಲಿ ಫಿಲಡೆಲ್ಫಿಯಾ ಮತ್ತು ಬಾಲ್ಟಿಮೋರ್ ನಡುವಿನ ರೈಲು ನ್ಯೂ ಕ್ಯಾಸಲ್‌ನ ವಿಲ್ಮಿಂಗ್ಟನ್ ಊರಿನ ಮೂಲಕ ಓಡಿತು. ಹಡಗು, ರೈಲು ಡಬ್ಬಿ, ಚರ್ಮ ಎಲ್ಲದರ ಕಾರ್ಖಾನೆಗಳೂ ಅಲ್ಲಿಗೇ ಬಂದವು. 1900ರ ಹೊತ್ತಿಗೆ ರಾಜ್ಯದ 1,84,735 ಜನರಲ್ಲಿ 1,09,697 ಜನ ನ್ಯೂ ಕ್ಯಾಸಲ್‌ನಲ್ಲೇ ಇದ್ದರು.

ಕೆಂಟ್ ಆಗ ಏನು ಮಾಡುತ್ತಿತ್ತು? ಏನೂ ಇಲ್ಲ, ನಿಂತಿತ್ತು. 1880ರಲ್ಲಿ 32,874. 1900ರಲ್ಲಿ 32,762. 1930ರಲ್ಲಿ 31,841. ಐವತ್ತು ವರ್ಷ ಕಳೆದರೂ ಸಾವಿರ ಜನ ಕಡಿಮೆಯೇ ಆದರು. ಅಲ್ಲಿ ಮಕ್ಕಳು ಹುಟ್ಟಲಿಲ್ಲ ಅಂತಲ್ಲ. ಹುಟ್ಟಿದವರು ದೊಡ್ಡವರಾಗಿ ರೈಲು ಹತ್ತಿ ವಿಲ್ಮಿಂಗ್ಟನ್‌ಗೋ ಫಿಲಡೆಲ್ಫಿಯಾಕ್ಕೋ ಹೋದರು. ಹಳ್ಳಿ ಕೌಂಟಿಯ ಜನಸಂಖ್ಯೆ ಗೆರೆ ಎಳೆದ ಹಾಗೆ ನಿಂತಿದ್ದರೆ, ಹುಟ್ಟಿದಷ್ಟೇ ಜನ ಹೊರಗೆ ಹೋಗುತ್ತಿದ್ದಾರೆ ಎಂದು ಅರ್ಥ. ಸಸೆಕ್ಸ್ ಕೂಡ 1910ರಲ್ಲಿ 46,413 ಇದ್ದದ್ದು 1920ಕ್ಕೆ 43,741ಕ್ಕೆ ಇಳಿಯಿತು.

ನ್ಯೂ ಕ್ಯಾಸಲ್: ಊರು ಖಾಲಿ, ಸುತ್ತಮುತ್ತ ಭರ್ತಿ

ಎರಡನೇ ಮಹಾಯುದ್ಧದ ನಂತರ ಉತ್ತರದ ಕೌಂಟಿ ನಾಗಾಲೋಟದಲ್ಲಿ ಬೆಳೆಯಿತು. 1950ರಲ್ಲಿ 2,18,879. 1960ರಲ್ಲಿ 3,07,446. 1970ರಲ್ಲಿ 3,85,856. ಡ್ಯುಪಾಂಟ್ ಆಗ ರಾಸಾಯನಿಕಗಳ ದೈತ್ಯ. ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಾರ್ಖಾನೆಗಳಿದ್ದವು. 1951ರಲ್ಲಿ ಡೆಲವೇರ್ ಮೆಮೋರಿಯಲ್ ಸೇತುವೆ ನ್ಯೂ ಜೆರ್ಸಿಯನ್ನು ಜೋಡಿಸಿತು. 1970ರಲ್ಲಿ ರಾಜ್ಯದ ನೂರು ಜನರಲ್ಲಿ 70 ಜನ ಈ ಒಂದೇ ಕೌಂಟಿಯವರು. ಈ ಪಾಲು ಶಿಖರ ಮುಟ್ಟಿದ್ದು ಆಗಲೇ.

ಇದೇ ಅವಧಿಯಲ್ಲಿ ಕೌಂಟಿಯ ಮುಖ್ಯ ಊರಾದ ವಿಲ್ಮಿಂಗ್ಟನ್ ಮಾತ್ರ ಕರಗುತ್ತಿತ್ತು. 1940ರಲ್ಲಿ 1,12,504 ಜನ ಇದ್ದ ಊರು 1980ಕ್ಕೆ 70,195ಕ್ಕೆ ಬಂತು. ಸುತ್ತಲಿನ ಹೊಲಗಳಲ್ಲಿ ಹೊಸ ಬಡಾವಣೆ ಎದ್ದಂತೆ ಅನುಕೂಲಸ್ಥ ಬಿಳಿಯರು ಊರು ಬಿಟ್ಟರು. 95ನೇ ನಂಬರಿನ ಅಂತರರಾಜ್ಯ ಹೆದ್ದಾರಿಯನ್ನು ಊರಿನ ಮಧ್ಯೆ, ಆಡಮ್ಸ್ ಮತ್ತು ಜಾಕ್ಸನ್ ಬೀದಿಗಳ ಮಧ್ಯೆ, ಮನೆಗಳ ಸಾಲುಗಳನ್ನೇ ಒಡೆದು ಎಳೆದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯ ನಂತರ ಗಲಭೆ ಆಯಿತು. ಆಗ ಬಂದ ನ್ಯಾಷನಲ್ ಗಾರ್ಡ್ ಪಡೆ ಸುಮಾರು ಒಂಬತ್ತು ತಿಂಗಳು ಬೀದಿಯಲ್ಲೇ ಉಳಿಯಿತು. 1980ರ ನಂತರ ವಿಲ್ಮಿಂಗ್ಟನ್ ಏಳಲೂ ಇಲ್ಲ, ಇನ್ನಷ್ಟು ಬೀಳಲೂ ಇಲ್ಲ. 2020ರಲ್ಲಿ 70,898. ನಲವತ್ತು ವರ್ಷದಲ್ಲಿ ಏಳುನೂರು ಜನ ಜಾಸ್ತಿ!

ಕೌಂಟಿಗೂ ಒಂದು ಪೆಟ್ಟು ಬಿತ್ತು. 1970ರಿಂದ 1980ರವರೆಗೆ ನ್ಯೂ ಕ್ಯಾಸಲ್ ಬೆಳೆದದ್ದು ಶೇ. 3.2 ಮಾತ್ರ. ಕಾರ್ಖಾನೆ ಕೆಲಸ ನಿಂತಿತ್ತು. ಅದಕ್ಕೆ ರಾಜ್ಯ ಹುಡುಕಿದ ಮದ್ದು 1981ರ ಹಣಕಾಸು ಕೇಂದ್ರ ಕಾಯ್ದೆ. ಆಗಿನ ಗವರ್ನರ್ ಪೀಟ್ ಡು ಪಾಂಟ್. ಬ್ಯಾಂಕುಗಳು ಕ್ರೆಡಿಟ್ ಕಾರ್ಡಿಗೆ ಎಷ್ಟು ಬಡ್ಡಿ ಹಾಕಬೇಕು ಎಂಬ ಮಿತಿಯನ್ನೇ ಆ ಕಾಯ್ದೆ ತೆಗೆದುಹಾಕಿತು. ಬ್ಯಾಂಕ್ ಇರುವ ರಾಜ್ಯದ ಬಡ್ಡಿ ದರವನ್ನೇ ಬೇರೆ ರಾಜ್ಯದ ಗಿರಾಕಿಗಳಿಗೂ ಹಾಕಬಹುದು ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಇವೆರಡೂ ಸೇರಿದ ಮೇಲೆ ದೊಡ್ಡ ಬ್ಯಾಂಕುಗಳ ಕಾರ್ಡ್ ವಿಭಾಗಗಳು ವಿಲ್ಮಿಂಗ್ಟನ್‌ಗೆ ಸಾಲುಗಟ್ಟಿ ಬಂದವು. 1980ರ ದಶಕದಲ್ಲಿ ಕೌಂಟಿಗೆ 43,831 ಜನ ಸೇರಿದರು.

ಬ್ಯಾಂಕುಗಳ ಹಿಂದೆ ಕಂಪ್ಯೂಟರ್ ಕೆಲಸ ಬಂತು. ಅದರ ಹಿಂದೆ ಭಾರತೀಯರು ಬಂದರು. ರಾಜ್ಯದ ಏಷ್ಯಾ ಮೂಲದವರಲ್ಲಿ ಇವತ್ತು ಭಾರತೀಯರದ್ದೇ ದೊಡ್ಡ ಗುಂಪು. ಹೆಚ್ಚಿನವರು ಇರುವುದು ಈ ಉತ್ತರದ ಕೌಂಟಿಯಲ್ಲೇ. ಹೊಕೆಸ್ಸಿನ್‌ನಲ್ಲಿರುವ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹಬ್ಬದ ದಿನ ಹೋದರೆ ಕನ್ನಡ ಕಿವಿಗೆ ಬಿದ್ದರೂ ಆಶ್ಚರ್ಯವಿಲ್ಲ.

ಈಚೆಗೆ ನ್ಯೂ ಕ್ಯಾಸಲ್‌ನ ಒಳಗೂ ಬೆಳವಣಿಗೆ ದಕ್ಷಿಣಕ್ಕೆ ಸರಿದಿದೆ. ಕಾಲುವೆ ಕೆಳಗಿನ ಮಿಡಲ್‌ಟೌನ್ 2000ದಲ್ಲಿ 6,161 ಜನರ ಸಣ್ಣ ಊರು. 2010ಕ್ಕೆ 18,871. ಹತ್ತು ವರ್ಷದಲ್ಲಿ ಮೂರು ಪಟ್ಟು. ಕೌಂಟಿಯ ಶೇ. 6 ಅನ್ನುವ ಸಪ್ಪೆ ಅಂಕಿಯೊಳಗೆ ವಿಲ್ಮಿಂಗ್ಟನ್‌ನ ನಿಂತ ನೀರೂ ಇದೆ, ಮಿಡಲ್‌ಟೌನಿನ ಪ್ರವಾಹವೂ ಇದೆ.

ಕೆಂಟ್: ವಿಮಾನ ತಂದ ಜನ

ಕೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಕಥೆಯಲ್ಲಿ ಎರಡೇ ಜಿಗಿತ.

ಒಂದು, ಡೋವರ್ ವಾಯುನೆಲೆ. ಯುದ್ಧಕಾಲದಲ್ಲಿ ಕಟ್ಟಿದ ನೆಲೆ ಯುದ್ಧ ಮುಗಿದ ಮೇಲೆ ಮುಚ್ಚಿತ್ತು, 1951ರಲ್ಲಿ ಮತ್ತೆ ತೆರೆಯಿತು. ಆಮೇಲೆ ವಾಯುಪಡೆಯ ದೊಡ್ಡ ಸಾಗಣೆ ವಿಮಾನಗಳ ಮನೆಯಾಯಿತು. 1950ರಲ್ಲಿ 37,870 ಇದ್ದ ಕೆಂಟ್ 1960ಕ್ಕೆ 65,651. ಶೇ. 73! ಎಪ್ಪತ್ತು ವರ್ಷ ಹೆಚ್ಚೇನೂ ಅಲುಗಾಡದೇ ಇದ್ದ ಕೌಂಟಿ ಒಂದೇ ದಶಕದಲ್ಲಿ ಹೆಚ್ಚು ಕಡಿಮೆ ಒಂದೂಮುಕ್ಕಾಲು ಪಟ್ಟಾಯಿತು. 1970ರಲ್ಲಿ ಅದು ಸಸೆಕ್ಸನ್ನೇ ಹಿಂದೆ ಹಾಕಿತು. 1980ರಲ್ಲೂ ಮುಂದಿತ್ತು, ಬರೀ 215 ಜನರಿಂದ.

ಇನ್ನೊಂದು, 2000ದ ದಶಕ. ಡೋವರ್‌ವರೆಗಿನ ರೂಟ್ 1 ಹೆದ್ದಾರಿ ಪೂರ್ತಿಯಾಯಿತು. ಉತ್ತರದಲ್ಲಿ ಕೆಲಸ, ಕೆಂಟ್‌ನಲ್ಲಿ ಅಗ್ಗದ ಮನೆ ಅನ್ನುವ ಲೆಕ್ಕ ಸಾಧ್ಯವಾಯಿತು. ಆ ದಶಕದಲ್ಲಿ ಕೆಂಟ್ ಶೇ. 28ರಷ್ಟು ಬೆಳೆಯಿತು, ಸಸೆಕ್ಸ್‌ಗಿಂತ ಜಾಸ್ತಿ. ಮುಂದಿನ ದಶಕದಲ್ಲಿ ಶೇ. 12ಕ್ಕೆ ಇಳಿಯಿತು. ಮನೆ ಮಾರುಕಟ್ಟೆ 2008ರಲ್ಲಿ ಕುಸಿದದ್ದು ಇದಕ್ಕೆ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಅಗ್ಗದ ಮನೆಯೇ ಆಕರ್ಷಣೆ ಆಗಿದ್ದ ಕಡೆ ಮನೆ ಕಟ್ಟುವುದು ನಿಂತರೆ ಬೆಳವಣಿಗೆಯೂ ನಿಲ್ಲುತ್ತದೆ.

ಸಸೆಕ್ಸ್: ಕೋಳಿ, ನೈಲಾನ್, ಕಡಲು

1923ರಲ್ಲಿ ಸಸೆಕ್ಸ್‌ನ ಓಷನ್ ವ್ಯೂ ಎಂಬ ಹಳ್ಳಿಯಲ್ಲಿ ಸಿಸಿಲ್ ಸ್ಟೀಲ್ ಎಂಬ ಹೆಣ್ಣುಮಗಳು ಮೊಟ್ಟೆಗೆಂದು 50 ಮರಿ ತರಿಸಿದರು. ಬಂದದ್ದು 500. ವಾಪಸ್ ಕಳಿಸಲಿಲ್ಲ, ಸಾಕಿ ಮಾಂಸಕ್ಕೆ ಮಾರಿದರು. ಲಾಭ ಬಂತು. ಅಮೆರಿಕದ ಬ್ರಾಯ್ಲರ್ ಉದ್ಯಮ ಶುರುವಾದದ್ದು ಹೀಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇವತ್ತಿಗೂ ಬ್ರಾಯ್ಲರ್ ಕೋಳಿ ಸಾಕಣೆಯಲ್ಲಿ ದೇಶದ ಮುಂಚೂಣಿ ಕೌಂಟಿ ಸಸೆಕ್ಸ್. ಅಲ್ಲಿಯ ಜನಸಂಖ್ಯೆಯ ಲೆಕ್ಕಕ್ಕೆ ಕೋಳಿ ಸೇರಿಸಿದರೆ ನ್ಯೂಯಾರ್ಕ್ ಕೂಡ ಸಣ್ಣದು.

1939ರಲ್ಲಿ ಡ್ಯುಪಾಂಟ್ ಕಂಪನಿ ಸೀಫರ್ಡ್‌ನಲ್ಲಿ ಜಗತ್ತಿನ ಮೊದಲ ನೈಲಾನ್ ಕಾರ್ಖಾನೆ ತೆರೆಯಿತು. ಪಶ್ಚಿಮ ಸಸೆಕ್ಸ್‌ಗೆ ಅದೇ ಅನ್ನ ಕೊಟ್ಟಿತು. ಆದರೆ ಜನಸಂಖ್ಯೆಯ ದಿಕ್ಕು ತಿರುಗಿಸಿದ್ದು ಕಾರ್ಖಾನೆಯಲ್ಲ, ಸೇತುವೆ. 1952ರಲ್ಲಿ ಪಕ್ಕದ ಮೇರಿಲ್ಯಾಂಡ್‌ನಲ್ಲಿ ಚೆಸಪೀಕ್ ಬೇ ಸೇತುವೆ ತೆರೆಯಿತು. ವಾಷಿಂಗ್ಟನ್‌ನವರು ದೋಣಿ ಕಾಯದೆ ಕಾರಿನಲ್ಲೇ ಸಸೆಕ್ಸ್‌ನ ರಿಹೋಬತ್ ಬೀಚಿಗೆ ಬರಲು ಶುರುಮಾಡಿದರು. 1964ರಲ್ಲಿ ಸಸೆಕ್ಸ್‌ನ ಲೂಯಿಸ್‌ ಊರಿನಿಂದ ನ್ಯೂ ಜೆರ್ಸಿಯ ಕೇಪ್ ಮೇಗೆ ಫೆರಿ ಓಡಿತು. ಮೊದಲು ವಾರದ ರಜೆಗೆ ಬಂದರು. ಆಮೇಲೆ ಬೇಸಿಗೆ ಮನೆ ಕೊಂಡರು. ನಿವೃತ್ತಿ ಆದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬಂದೇಬಿಟ್ಟರು.

ಈಗ ಅಂಕಿ ನೋಡಿ. 1990ರಿಂದ 2000: ಸಸೆಕ್ಸ್ ಶೇ. 38.3 ಬೆಳೆಯಿತು. 2000ದಿಂದ 2010: ಶೇ. 25.9. 2010ರಿಂದ 2020: ಶೇ. 20.4. ಓದಿದವರು "ಓಹೋ, ವೇಗ ತಗ್ಗುತ್ತಿದೆ" ಅಂದುಕೊಳ್ಳುತ್ತಾರೆ. ಶೇಕಡಾವಾರು ಬಿಟ್ಟು ತಲೆ ಎಣಿಸಿ. ಮೊದಲ ದಶಕದಲ್ಲಿ ಸೇರಿದವರು 43,409. ಎರಡನೇ ದಶಕದಲ್ಲಿ 40,507. ಮೂರನೆಯದರಲ್ಲಿ 40,233. ಒಂದೇ ಸಮ! ಹತ್ತು ವರ್ಷಕ್ಕೆ ನಲವತ್ತು ಸಾವಿರ ಚಿಲ್ಲರೆ ಜನ, ಮೂವತ್ತು ವರ್ಷ ಬಿಡದೆ ಬಂದಿದ್ದಾರೆ. ತಗ್ಗಿದ್ದು ಶೇಕಡಾವಾರು ಮಾತ್ರ, ಯಾಕೆಂದರೆ ಭಾಗಿಸುವ ಸಂಖ್ಯೆ ದೊಡ್ಡದಾಯಿತು. ರಸ್ತೆ ಮೇಲೆ ಕಾರು ಓಡಿಸುವವರಿಗೆ, ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯುವವರಿಗೆ ಶೇಕಡಾವಾರಿನಿಂದ ಏನಾಗಬೇಕು? ಅವರಿಗೆ ತಟ್ಟುವುದು ತಲೆಗಳ ಲೆಕ್ಕವೇ.

2020ರ ನಂತರ ಈ ಸಮತೆಯೂ ಮುರಿಯಿತು. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುವವರು, ನಿವೃತ್ತಿಯನ್ನು ಒಂದೆರಡು ವರ್ಷ ಮುಂಚೆಯೇ ತೆಗೆದುಕೊಂಡವರು ಕಡಲ ಕಡೆಗೆ ಹರಿದರು. 2024ರ ಅಂದಾಜಿನಲ್ಲಿ ಸಸೆಕ್ಸ್ 2 ಲಕ್ಷ 70 ಸಾವಿರದ ಆಸುಪಾಸಿಗೆ ಬಂತು. ನಾಲ್ಕೇ ವರ್ಷದಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ. ರಾಜ್ಯ ಹತ್ತು ಲಕ್ಷ ದಾಟಿದ್ದು 2021ರ ಅಂದಾಜಿನಲ್ಲಿ.

ಯಾರು ಬಂದರು

ಇಲ್ಲಿಗೆ ಕಥೆ ಸ್ವಾರಸ್ಯವಾಗುತ್ತದೆ. ಸಸೆಕ್ಸ್‌ನಲ್ಲಿ ಈಗ ಒಂದು ವರ್ಷದಲ್ಲಿ ಹುಟ್ಟುವವರಿಗಿಂತ ಸಾಯುವವರು ಜಾಸ್ತಿ. ಹೊರಗಿನಿಂದ ಯಾರೂ ಬರದಿದ್ದರೆ ರಾಜ್ಯದಲ್ಲೇ ವೇಗವಾಗಿ ಬೆಳೆಯುವ ಈ ಕೌಂಟಿ ಕುಗ್ಗುತ್ತಿತ್ತು. ಬೆಳವಣಿಗೆ ಪೂರ್ತಿ ವಲಸೆಯದ್ದು. ಬಂದವರಲ್ಲಿ ದೊಡ್ಡ ಪಾಲು ಅರವತ್ತರ ಆಚೆ ಈಚೆಯವರು. ಕೌಂಟಿಯ ಜನರ ನಡು ವಯಸ್ಸೇ (ಅರ್ಧ ಜನ ಅದಕ್ಕಿಂತ ಹಿರಿಯರು, ಅರ್ಧ ಕಿರಿಯರು) ಐವತ್ತರ ಹತ್ತಿರ ಬಂದಿದೆ.

ಯಾಕೆ ಬರುತ್ತಾರೆ ಅನ್ನುವುದು ಗುಟ್ಟೇನಲ್ಲ. ಡೆಲವೇರ್‌ನಲ್ಲಿ ಮಾರಾಟ ತೆರಿಗೆ ಇಲ್ಲ. ಕೇಂದ್ರ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ರಾಜ್ಯ ತೆರಿಗೆ ಹಾಕುವುದಿಲ್ಲ. 60 ದಾಟಿದವರಿಗೆ ಬೇರೆ ಪಿಂಚಣಿಯಲ್ಲೂ 12,500 ಡಾಲರ್‌ವರೆಗೆ ವಿನಾಯಿತಿ. ಆಸ್ತಿ ತೆರಿಗೆಯಂತೂ ನ್ಯೂ ಜೆರ್ಸಿಯವರು ಕೇಳಿದರೆ ನಂಬುವುದಿಲ್ಲ, ಅಷ್ಟು ಕಡಿಮೆ. ಉತ್ತರದ ದುಬಾರಿ ಊರಿನಲ್ಲಿ ಮನೆ ಮಾರಿ ಇಲ್ಲಿ ಹೊಸ ಮನೆ ಕೊಂಡರೆ ಕೈಯಲ್ಲಿ ದುಡ್ಡು ಉಳಿಯುತ್ತದೆ. ಜೊತೆಗೆ ಕಡಲು ಫ್ರೀ.

ಆಸ್ತಿ ತೆರಿಗೆ ಹಾಗಿರುವುದಕ್ಕೆ ಒಂದು ತಮಾಷೆಯ ಕಾರಣ ಇತ್ತು. ಸಸೆಕ್ಸ್ ಮನೆಗಳ ಬೆಲೆಯನ್ನು ತೆರಿಗೆಗಾಗಿ ಕೊನೆಯ ಸಲ ಅಳೆದದ್ದು 1970ರ ದಶಕದಲ್ಲಿ. ಅರ್ಧ ಶತಮಾನ ಅದೇ ಪಟ್ಟಿ ನಡೆಯಿತು. ಉಳಿದ ಎರಡು ಕೌಂಟಿಗಳದ್ದೂ 1980ರ ದಶಕದ ಪಟ್ಟಿ. 2020ರಲ್ಲಿ ರಾಜ್ಯದ ಚಾನ್ಸರಿ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಮೂರೂ ಕೌಂಟಿಗಳು ಮರು ಅಳತೆ ಮಾಡಿದವು. ಹೊಸ ಬೆಲೆಯ ಮೇಲೆ ತೆರಿಗೆ ಬಂದದ್ದು ಕೆಂಟ್‌ನಲ್ಲಿ 2024ರಲ್ಲಿ, ಸಸೆಕ್ಸ್ ಮತ್ತು ನ್ಯೂ ಕ್ಯಾಸಲ್‌ನಲ್ಲಿ 2025ರಲ್ಲಿ. ನ್ಯೂ ಕ್ಯಾಸಲ್‌ನಲ್ಲಿ ಬಿಲ್ ನೋಡಿ ಜನ ಎಷ್ಟು ರೇಗಿದರೆಂದರೆ, ಶಾಸನಸಭೆ ಆಗಸ್ಟ್‌ನಲ್ಲಿ ವಿಶೇಷ ಅಧಿವೇಶನ ಕರೆಯಬೇಕಾಯಿತು.

ಹಾಗಾದರೆ ಸಸೆಕ್ಸ್ ಕೌಂಟಿಗೆ ದುಡ್ಡು ಎಲ್ಲಿಂದ? ದೊಡ್ಡ ಮೂಲ ಮನೆ ಮಾರಾಟದ ವರ್ಗಾವಣೆ ತೆರಿಗೆ. ಮನೆ ಕೈ ಬದಲಾದಾಗ ಬೆಲೆಯ ಒಟ್ಟು ಶೇ. 4 ತೆರಿಗೆ. ಅದರಲ್ಲಿ ಶೇ. 2.5 ರಾಜ್ಯಕ್ಕೆ, ಶೇ. 1.5 ಸ್ಥಳೀಯ ಸರ್ಕಾರಕ್ಕೆ. ಜನ ಬಂದಷ್ಟು ಮನೆ ಮಾರಾಟ, ಮಾರಾಟ ಆದಷ್ಟು ಆದಾಯ, ಆದಾಯ ಇದ್ದಷ್ಟು ಆಸ್ತಿ ತೆರಿಗೆ ಕಡಿಮೆ ಇಡಬಹುದು, ಕಡಿಮೆ ಇದ್ದಷ್ಟು ಜನ ಬರುತ್ತಾರೆ. ಈ ಗಾಲಿ ತಿರುಗುವವರೆಗೂ ಎಲ್ಲರಿಗೂ ಖುಷಿ. ಮನೆ ಮಾರಾಟ ಒಂದೆರಡು ವರ್ಷ ನಿಂತರೆ? ಆಂಬುಲೆನ್ಸ್ ಸಿಬ್ಬಂದಿಯ ಸಂಬಳ ನಿಲ್ಲಿಸಲಾಗುವುದಿಲ್ಲ, ಅಲ್ವಾ? ಸಸೆಕ್ಸ್‌ನ ನಿಜವಾದ ಅಪಾಯ ಬೆಳವಣಿಗೆ ಅಲ್ಲ, ಬೆಳವಣಿಗೆಯ ಮೇಲೆ ಕಟ್ಟಿದ ಬಜೆಟ್ ಎಂದು ನನಗೆ ಅನ್ನಿಸುತ್ತದೆ.

ಶಾಲೆಯ ಲೆಕ್ಕ ಬೇರೆಯೇ. ಡೆಲವೇರ್‌ನಲ್ಲಿ ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಸ್ಥಳೀಯ ತೆರಿಗೆ ಏರಿಸಬೇಕಾದರೆ ಜನರ ಮತ ಕೇಳಬೇಕು. ಕಡಲ ತೀರದ ಕೇಪ್ ಹೆನ್ಲೋಪನ್ ಶಾಲಾ ಜಿಲ್ಲೆ 2024ರಲ್ಲಿ ಎರಡು ಸಲ ಕೇಳಿತು. ಎರಡೂ ಸಲ ಸೋತಿತು. ಮೊಮ್ಮಕ್ಕಳು ಪೆನ್ಸಿಲ್ವೇನಿಯಾದಲ್ಲಿ ಓದುತ್ತಿರುವವರಿಗೆ ಇಲ್ಲಿಯ ಶಾಲೆಗೆ ತೆರಿಗೆ ಕೊಡಿ ಎಂದು ಒಪ್ಪಿಸುವುದು ಸುಲಭವಲ್ಲ. ಹಾಗಂತ ಎಲ್ಲ ತಪ್ಪನ್ನೂ ಅಜ್ಜ ಅಜ್ಜಿಯರ ತಲೆಗೆ ಕಟ್ಟುವುದು ಸರಿಯಲ್ಲ. ಬೆಲೆ ಏರಿಕೆಯ ವರ್ಷಗಳಲ್ಲಿ ತೆರಿಗೆ ಏರಿಕೆ ಯಾರಿಗೂ ಬೇಡವಾಗಿತ್ತು. ರಾಜ್ಯವೂ ಸದ್ದಿಲ್ಲದೆ ಒಂದು ಬಾಗಿಲು ಮುಚ್ಚಿದೆ. 65 ದಾಟಿದವರಿಗೆ ಶಾಲಾ ತೆರಿಗೆಯಲ್ಲಿ ರಿಯಾಯಿತಿ ಇದೆ. 2018ರಿಂದ ಈಚೆಗೆ ರಾಜ್ಯಕ್ಕೆ ಬಂದವರು ಅದಕ್ಕೆ 10 ವರ್ಷ ಕಾಯಬೇಕು. ಮೊದಲು 3 ವರ್ಷ ಸಾಕಿತ್ತು.

ಕೆಲಸ ಮಾಡುವ ಕೈಗಳ ಕೊರತೆ ಇನ್ನೊಂದು ತಲೆನೋವು. ಲೂಯಿಸ್‌ನ ಬೀಬಿ ಆಸ್ಪತ್ರೆಯನ್ನು 1916ರಲ್ಲಿ ಇಬ್ಬರು ಡಾಕ್ಟರ್ ಅಣ್ಣತಮ್ಮಂದಿರು ಶುರುಮಾಡಿದ್ದರು. ಮೀನುಗಾರರ ಊರಿನ ಆ ಸಣ್ಣ ಆಸ್ಪತ್ರೆ ಈಗ ವಯಸ್ಸಾದವರ ಇಡೀ ನಗರವನ್ನೇ ನೋಡಿಕೊಳ್ಳಬೇಕು. ನರ್ಸ್, ಮನೆಗೆ ಬಂದು ಆರೈಕೆ ಮಾಡುವವರು, ಹೋಟೆಲ್ ಕೆಲಸದವರು ಇವರೆಲ್ಲ ತೀರದಲ್ಲಿ ಬಾಡಿಗೆ ಕೊಟ್ಟು ಇರಲಾರರು. ರಿಹೋಬತ್‌ನ ಅಂಗಡಿಗಳು ಬೇಸಿಗೆಯಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡಿವೆ.

ಸಸೆಕ್ಸ್‌ಗೆ ಯುವಕರೂ ಬಂದಿದ್ದಾರೆ, ಆದರೆ ಬೇರೆ ದಾರಿಯಿಂದ. 1990ರ ದಶಕದಿಂದ ಗ್ವಾಟೆಮಾಲಾದವರು ಕೋಳಿ ಸಂಸ್ಕರಣೆ ಕಾರ್ಖಾನೆಗಳ ಕೆಲಸಕ್ಕೆ ಬಂದು ಜಾರ್ಜ್‌ಟೌನ್‌ನಲ್ಲಿ ನೆಲೆಸಿದರು. ಕೌಂಟಿ ಕೇಂದ್ರವಾದ ಆ ಊರಿನ ಹೆಚ್ಚು ಕಡಿಮೆ ಅರ್ಧ ಜನ ಈಗ ಲ್ಯಾಟಿನ್ ಅಮೆರಿಕ ಮೂಲದವರು. ಹೈಟಿಯವರೂ ಬಂದಿದ್ದಾರೆ. ಕೌಂಟಿಯಲ್ಲಿ ಹುಟ್ಟುವ ಮಕ್ಕಳಲ್ಲಿ ಇಂಥ ಮನೆಗಳ ಪಾಲು ದೊಡ್ಡದು. ಅರ್ಧ ಗಂಟೆಯ ದಾರಿಯಲ್ಲಿ ಎರಡು ಬೇರೆ ಬೇರೆ ಸಸೆಕ್ಸ್. ಒಂದು ಗಾಲ್ಫ್ ಮೈದಾನದ ಪಕ್ಕ, ಇನ್ನೊಂದು ಕೋಳಿ ಕಾರ್ಖಾನೆಯ ಪಾಳಿಯಲ್ಲಿ.

ಎಣಿಕೆಗೆ ಸಿಗದ ಊರು

ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಅಂಕಿ ರಿಹೋಬತ್ ಬೀಚಿನದು. ಸಸೆಕ್ಸ್‌ನ ಅತಿ ಪ್ರಸಿದ್ಧ ಊರು. ಎಲ್ಲ ಬೆಳವಣಿಗೆಯ ಅಯಸ್ಕಾಂತ. 2010ರಲ್ಲಿ ಅಲ್ಲಿದ್ದ ಜನ 1,327. 2020ರಲ್ಲಿ 1,108. ಇಳಿದಿದೆ!

ಕಾರಣ ಜನಗಣತಿಯ ನಿಯಮದಲ್ಲಿದೆ. ಅಮೆರಿಕದ ಗಣತಿ ಏಪ್ರಿಲ್ 1ರ ಲೆಕ್ಕ. ವರ್ಷದ ಹೆಚ್ಚಿನ ಕಾಲ ಎಲ್ಲಿ ಮಲಗುತ್ತೀರೋ ಅಲ್ಲಿ ನಿಮ್ಮನ್ನು ಎಣಿಸುತ್ತಾರೆ. ರಿಹೋಬತ್‌ನ ಬಹುಪಾಲು ಮನೆಗಳು ಎರಡನೇ ಮನೆಗಳು. ಮಾಲೀಕರು ವಾಷಿಂಗ್ಟನ್‌ನಲ್ಲೋ ಫಿಲಡೆಲ್ಫಿಯಾದಲ್ಲೋ ಎಣಿಕೆ ಆಗುತ್ತಾರೆ. ಊರಿನೊಳಗೆ ಬೆಲೆ ಏರಿದಷ್ಟೂ ಕಾಯಂ ವಾಸದವರು ಮನೆ ಮಾರಿ ಹೊರಡುತ್ತಾರೆ. ಜುಲೈನಲ್ಲಿ ಕಾಲಿಡಲು ಜಾಗ ಇಲ್ಲದ ಊರು ಗಣತಿಯಲ್ಲಿ ಹಳ್ಳಿ. ಆದರೆ ಒಳಚರಂಡಿ, ಪೊಲೀಸ್, ಕಸ ಎಲ್ಲವನ್ನೂ ಜುಲೈ ಲೆಕ್ಕಕ್ಕೇ ಕಟ್ಟಬೇಕು. ಕಾಯಂ ಜನ ಸೇರುತ್ತಿರುವುದು ಊರಿನ ಹೊರಗೆ, ಕೆಲವು ಮೈಲಿ ಒಳಗಿನ ಹಳೆಯ ಜೋಳ, ಸೋಯಾ ಹೊಲಗಳಲ್ಲಿ. ಮಿಲ್ಸ್‌ಬರೋ ಹತ್ತು ವರ್ಷದಲ್ಲಿ 3,877ರಿಂದ 6,863 ಆಯಿತು. ಕೃಷಿ ವಲಯ ಎಂದು ಗುರುತಿಸಿದ ನೆಲದಲ್ಲೂ ಎಕರೆಗೆ ಸುಮಾರು ಎರಡು ಮನೆ ಕಟ್ಟಲು ಸಸೆಕ್ಸ್ ನಿಯಮ ಬಿಡುತ್ತದೆ. ಹೀಗಿರುವಾಗ ಬಡಾವಣೆಗಳು ಹೊಲಕ್ಕೆ ಹೊಲ ಹಾರಿಕೊಂಡು ಬಂದದ್ದರಲ್ಲಿ ಆಶ್ಚರ್ಯ ಏನಿಲ್ಲ.

ಎರಡು ಗಣತಿಗಳ ನಡುವೆ ಸೆನ್ಸಸ್ ಬ್ಯೂರೋ ವರ್ಷ ವರ್ಷ ಅಂದಾಜು ಮಾಡುತ್ತದೆ. ಹಿಂದಿನ ಗಣತಿಯ ಅಂಕಿಗೆ ಹುಟ್ಟಿದವರನ್ನು ಕೂಡಿ, ಸತ್ತವರನ್ನು ಕಳೆದು, ಬಂದು ಹೋದವರ ಲೆಕ್ಕವನ್ನೂ ಸೇರಿಸುತ್ತದೆ. ಬಂದು ಹೋದವರು ಗೊತ್ತಾಗುವುದು ಹೇಗೆ? 65ರ ಒಳಗಿನವರದ್ದು ಆದಾಯ ತೆರಿಗೆ ದಾಖಲೆಯ ವಿಳಾಸದಿಂದ. 65 ದಾಟಿದವರದ್ದು ಮೆಡಿಕೇರ್ ಆರೋಗ್ಯ ವಿಮೆಯ ವಿಳಾಸದಿಂದ. ವಯಸ್ಸಾದವರು ಮೆಡಿಕೇರ್ ವಿಳಾಸ ಬದಲಿಸುವುದನ್ನು ಸಾಮಾನ್ಯವಾಗಿ ಮರೆಯುವುದಿಲ್ಲ, ಬಿಲ್ ಬರಬೇಕಲ್ಲ! ಹಾಗಾಗಿ ಸಸೆಕ್ಸ್‌ಗೆ ಬಂದ ಹಿರಿಯರ ಅಂದಾಜನ್ನು ನಾನು ಸಾಕಷ್ಟು ನಂಬುತ್ತೇನೆ. ಕೋಳಿ ಕಾರ್ಖಾನೆಯ ಕೆಲಸಗಾರರ ಅಂದಾಜನ್ನು ಅಷ್ಟು ನಂಬಲಾರೆ.

ಕುರ್ಚಿಗಳ ಲೆಕ್ಕ

ಜನಸಂಖ್ಯೆ ಕೊನೆಗೆ ಅಧಿಕಾರವಾಗಿ ಬದಲಾಗುವುದು ಶಾಸನಸಭೆಯಲ್ಲಿ. ಡೆಲವೇರ್‌ನಲ್ಲಿ ಇದು ತುಂಬ ದಿನ ಆಗಲೇ ಇಲ್ಲ. 1897ರ ರಾಜ್ಯ ಸಂವಿಧಾನ ಕುರ್ಚಿಗಳನ್ನು ಕೌಂಟಿವಾರು ಕಟ್ಟಿಹಾಕಿತ್ತು. ಕೆಳಮನೆಯ 35 ಸ್ಥಾನಗಳಲ್ಲಿ ಕೆಂಟ್‌ಗೆ 10, ಸಸೆಕ್ಸ್‌ಗೆ 10, ವಿಲ್ಮಿಂಗ್ಟನ್ ಸೇರಿ ನ್ಯೂ ಕ್ಯಾಸಲ್‌ಗೆ 15. ಸೆನೆಟ್‌ನ 17ರಲ್ಲಿ 5, 5, 7. ಜನ ಎಷ್ಟೇ ಬದಲಾದರೂ ಈ ಲೆಕ್ಕ ಬದಲಾಗುತ್ತಿರಲಿಲ್ಲ. 1960ರಲ್ಲಿ ರಾಜ್ಯದ ಶೇ. 69 ಜನ ನ್ಯೂ ಕ್ಯಾಸಲ್‌ನಲ್ಲಿದ್ದರು. ಆದರೂ ಎರಡೂ ಸದನಗಳಲ್ಲಿ ಬಹುಮತ ಇದ್ದದ್ದು ಕೆಳಗಿನ ಎರಡು ಕೌಂಟಿಗಳಿಗೆ. 1964ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ರೋಮನ್ ವಿರುದ್ಧ ಸಿಂಕಾಕ್ ಪ್ರಕರಣದಲ್ಲಿ ಈ ಹಂಚಿಕೆಯನ್ನು ತಳ್ಳಿಹಾಕಿತು. ಕ್ಷೇತ್ರಗಳು ಜನರ ಸಂಖ್ಯೆಯ ಪ್ರಕಾರವೇ ಇರಬೇಕು ಎಂದಿತು. ಕಾಲುವೆ ಮೇಲಿನವರಿಗೆ ದೊಡ್ಡ ಗೆಲುವು.

ಅದೇ ನಿಯಮ ಈಗ ಉಲ್ಟಾ ಹೊಡೆಯುತ್ತಿದೆ. ಇವತ್ತು ಕೆಳಮನೆಯಲ್ಲಿ 41 ಸ್ಥಾನ. 2020ರ ಲೆಕ್ಕದಲ್ಲಿ ಒಂದು ಸ್ಥಾನಕ್ಕೆ ಸುಮಾರು 24,145 ಜನ. ಸಸೆಕ್ಸ್‌ಗೆ ಒಂದು ದಶಕದಲ್ಲಿ ಸೇರಿದ 40,233 ಜನ ಅಂದರೆ ಒಂದೂವರೆ ಸ್ಥಾನಕ್ಕೂ ಜಾಸ್ತಿ. 2021ರ ಮರುವಿಂಗಡಣೆಯಲ್ಲಿ ವಿಲ್ಮಿಂಗ್ಟನ್ ಭಾಗದಲ್ಲಿದ್ದ 4ನೇ ಕ್ಷೇತ್ರವನ್ನು ಅಲ್ಲಿಂದ ಎತ್ತಿ ಸಸೆಕ್ಸ್‌ನ ಲಾಂಗ್ ನೆಕ್ ಕಡೆಗೆ ಇಟ್ಟರು. ನಂಬರ್ ಅದೇ, ಮತದಾರರು ಪೂರ್ತಿ ಬೇರೆ. 1970ರಲ್ಲಿ ಶೇ. 70 ಇದ್ದ ನ್ಯೂ ಕ್ಯಾಸಲ್‌ನ ಪಾಲು 2020ರಲ್ಲಿ ಶೇ. 57.7ಕ್ಕೆ ಇಳಿದಿತ್ತು. ಸಸೆಕ್ಸ್‌ನ ಪಾಲು ಶೇ. 24ಕ್ಕೆ ಏರಿತ್ತು. 2020ರ ನಂತರದ ವೇಗವೇ ಮುಂದುವರಿದರೆ, 2030ರ ಗಣತಿ ಆದ ಮೇಲೆ ಇನ್ನೊಂದು ಕ್ಷೇತ್ರವಾದರೂ ಕಾಲುವೆ ದಾಟಿ ಕೆಳಗೆ ಬರುತ್ತದೆ. ಹಾಗೆ ಬರುವ ಕ್ಷೇತ್ರದಲ್ಲಿ ಮತ ಹಾಕುವವರಲ್ಲಿ ಹೆಚ್ಚಿನವರು ಆ ಕೌಂಟಿಯಲ್ಲಿ ಹುಟ್ಟಿದವರಾಗಿರುವುದಿಲ್ಲ.